ಅರಿಶಿನದ ಕಲೆ ಇಲ್ಲದ ಸೀರೆ

ಹಳೆಯ ಸೀರೆಯ ಅರಿಶಿನದ ಕಲೆ ತೆಗೆಯುವುದು ಹೇಗೆ ಎಂದು ಒಂದು ಕಾಲದಲ್ಲಿ ನಾನು ಊರಿಗೆಲ್ಲ ಪಾಠ ಹೇಳುತ್ತಿದ್ದೆ. ಮೊಬೈಲಿನಲ್ಲಿ ಒಂದು ಚಿಕ್ಕ ವಿಡಿಯೊ. ಕಲೆ ಇರುವ ತುದಿಯನ್ನಷ್ಟೇ ಸೋಪಿನ ನೀರಿಗೆ ಅದ್ದಬೇಕು, ಉಜ್ಜಬಾರದು. ಸೋಪು ತಾಗಿದ ಕೂಡಲೇ ಹಳದಿ ಹೋಗಿ ಕೆಂಪಾಗುತ್ತದೆ, ಹೆದರಬಾರದು. ಒದ್ದೆ ತುದಿಯನ್ನು ಮೂರು ದಿನ ಬಿಸಿಲಿಗೆ ಬಿಟ್ಟರೆ ಅರಿಶಿನ ತಾನಾಗಿ ಹಾರಿಹೋಗುತ್ತದೆ. ಕೊನೆಯಲ್ಲಿ ನಾನು ಸೀರೆಯ ತುದಿಯನ್ನು ಕ್ಯಾಮೆರಾಕ್ಕೆ ಹಿಡಿದು, ನೋಡಿ, ಹೊಚ್ಚ ಹೊಸದು ಎನ್ನುತ್ತೇನೆ. ಬೇಕಾದಷ್ಟು ಜನ ನೋಡಿದರು. ಈಗ ಅದನ್ನು ಅಳಿಸಿಹಾಕಿದ್ದೇನೆ. ಅಳಿಸಿದ್ದರಿಂದ ಏನೂ ಆಗಲಿಲ್ಲ, ಬೇರೆ ಯಾರೋ ಅದನ್ನೇ ತಮ್ಮದು ಅಂತ ಹಾಕಿಕೊಂಡಿದ್ದಾರೆ.

ನಮ್ಮ ಕಡೆ ಹೊಸ ಸೀರೆಯನ್ನು ಅಂಗಡಿಯಿಂದ ತಂದು ಹಾಗೇ ಉಡುವುದಿಲ್ಲ. ಮನೆಯ ಹಿರಿಯ ಹೆಂಗಸು ಅರಿಶಿನ ಕಲಸಿ, ಬೆರಳಲ್ಲಿ ಅದ್ದಿ, ಸೀರೆಯ ಒಂದು ಮೂಲೆಗೆ ಒತ್ತುತ್ತಾಳೆ. ಉಡುವುದು ಆಮೇಲೆ. ಇದು ಎಲ್ಲರಿಗೂ ಗೊತ್ತಿರುವ ಶಾಸ್ತ್ರ, ನನಗೂ ಗೊತ್ತಿತ್ತು. ಗೊತ್ತಿರುವುದು ಬೇರೆ, ತಲೆಗೆ ಹೋಗುವುದು ಬೇರೆ. ನನ್ನ ಪಾಲಿಗೆ ಅದು ಒಳ್ಳೆಯ ಸೀರೆಗೆ ಹತ್ತಿದ ಕೊಳೆ, ಅಷ್ಟೆ.

ಆಗ ನನಗೆ ಇಪ್ಪತ್ತನಾಲ್ಕು. ನಮ್ಮದು ಪಾಂಡವಪುರಕ್ಕೆ ಹತ್ತಿರದ ಊರು. ಪೇಟೆಯ ಒಂದು ಖಾಸಗಿ ಸ್ಕೂಲಿನಲ್ಲಿ ಟೀಚರ್ ಕೆಲಸ. ಜೊತೆಯ ಟೀಚರುಗಳೆಲ್ಲ ಆನ್‌ಲೈನಿನಲ್ಲಿ ತರಿಸಿದ ಒಂದೇ ಥರದ ಕುರ್ತಾ ಹಾಕಿ ಬಂದರೆ ನಾನು ದೊಡ್ಡ ಹೂವಿನ ನೈಲೆಕ್ಸ್ ಸೀರೆ, ಮೊಣಕೈವರೆಗಿನ ಹಳೇ ರವಿಕೆ, ತಾತನ ಕೈಗಡಿಯಾರ ಕಟ್ಟಿಕೊಂಡು ಬಸ್ಸಿಳಿಯುತ್ತಿದ್ದೆ. ಮೇಲುಕೋಟೆಯ ಪರಿಚಯದವರ ಮನೆಯಿಂದ ಕೈಮಗ್ಗದ ಹಳೇ ಪಂಚೆ ಬೇಡಿ ತಂದು ಅಂಗಿ ಹೊಲಿಸಿಕೊಂಡಿದ್ದೆ. ಹೊಸಹೊಳಲಿನ ದೇವಸ್ಥಾನದ ಜಗಲಿಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ‘ಬಂದ್ರಪ್ಪ ಬ್ಲಾಕ್ ಅಂಡ್ ವೈಟ್ ಮೇಡಮ್ಮು’ ಎಂದು ನಗುತ್ತಿದ್ದರು. ನಕ್ಕಷ್ಟೂ ನನಗೆ ಹುರುಪು. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ಕಟ್ಟಿದವನ ಮನೆಯಲ್ಲಿ ಕನ್ನಡಿ ಇರಲಿಲ್ಲ ಎಂದು ವಾದಿಸುತ್ತಿದ್ದೆ. ಅಮ್ಮ ಬೇರೆ ಗಾದೆ ತೆಗೆಯುತ್ತಿದ್ದಳು.

‘ಅಜ್ಜಿಗೆ ಅರಿವೆ ಚಿಂತೆ ಅಂತಾರೆ. ನಮ್ಮನೇಲಿ ಮೊಮ್ಮಗಳಿಗೇ ಅರಿವೆ ಚಿಂತೆ.’

ನನ್ನ ನಿಜವಾದ ಗಣಿ ಇದ್ದದ್ದು ಮನೆಯೊಳಗೇ. ಅಪ್ಪನ ಅಕ್ಕ, ನನ್ನ ಅತ್ತೆ, ನಾನು ಹುಟ್ಟುವ ಮೊದಲಿಂದಲೂ ನಮ್ಮ ಮನೆಯಲ್ಲೇ ಇದ್ದವಳು. ಅವಳನ್ನು ನಾಗಮಂಗಲದ ಕಡೆಗೆ ಕೊಟ್ಟಿದ್ದರಂತೆ. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಕಬ್ಬಿನ ಲಾರಿ ಮಗುಚಿ ಗಂಡ ಸತ್ತ. ಅತ್ತೆಗೆ ಆಗ ಇಪ್ಪತ್ತೆರಡು. ಮಕ್ಕಳಿರಲಿಲ್ಲ. ತವರಿಗೆ ಬಂದವಳು ದನ ನೋಡಿಕೊಂಡಳು, ಡೈರಿಗೆ ಹಾಲು ಹಾಕಿದಳು, ಆಮೇಲೆ ನಮ್ಮಣ್ಣ ಹುಟ್ಟಿದಾಗ ಅವನನ್ನು ಸೊಂಟದ ಮೇಲಿಂದ ಇಳಿಸದೆ ಬೆಳೆಸಿದಳು. ಮಾತು ಕಲಿತಾಗ ಅವನು ಮೊದಲು ಕರೆದದ್ದು ಅವಳನ್ನೇ ಎಂದು ಅಮ್ಮ ಈಗಲೂ ಸ್ವಲ್ಪ ಹುಳ್ಳಗೆ ಹೇಳುತ್ತಾಳೆ.

ಅತ್ತೆಯ ಮಂಚದ ಕೆಳಗೆ ಹಸಿರು ಬಣ್ಣದ ತಗಡಿನ ಟ್ರಂಕು ಇತ್ತು. ಕಾಡಿ ಬೇಡಿ ಒಂದು ದಿನ ತೆಗೆಸಿದೆ. ದೊಡ್ಡ ಚುಕ್ಕಿಯ ಸೀರೆಗಳು, ಪಫ್ ತೋಳಿನ ರವಿಕೆಗಳು, ಬೆನ್ನಿಗೆ ದಾರ ಕಟ್ಟುವ ಒಂದು ರವಿಕೆ, ಒಂದೊಂದು ಸೀರೆಗೂ ಒಪ್ಪುವ ರಿಬ್ಬನ್ನು. ಮಾಸಲು ವಾಯಿಲ್ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು ಸಗಣಿ ಬಾಚುವ ಅತ್ತೆಯನ್ನಷ್ಟೇ ನಾನು ಕಂಡಿದ್ದೆ. ಆ ರವಿಕೆಗಳನ್ನು ಅವಳ ಮೈಮೇಲೆ ಊಹಿಸಿಕೊಳ್ಳಲು ನನಗೆ ಆಗಲಿಲ್ಲ.

‘ಕೆ.ಆರ್. ಪೇಟೆ ಟೈಲರ್ ತಾವ ನಾನೇ ಓಗಿ ನಿಂತ್ಕಂಡು ಒಲಿಸ್ತಿದ್ದೆ ಕಣವ್ವ,’ ಅಂದಳು. ‘ಅಪ್ಪ ಬೈಯೋದು. ಸಿನಿಮಾ ಸೇರೀಯಾ ಏನು ಅಂತ.’

ಹೇಳುವಾಗ ಅವಳ ಮುಖದಲ್ಲಿ ಬೇಸರ ಇರಲಿಲ್ಲ, ಜಂಬವೇ ಇತ್ತು. ನನಗೆ ಈ ಹುಚ್ಚು ಎಲ್ಲಿಂದ ಬಂತು ಎಂಬುದು ಅವತ್ತು ತಿಳಿಯಿತು. ಎಲ್ಲ ತೆಗೆದುಕೊಳ್ಳಲಾ ಎಂದು ಕೇಳಿದೆ.

‘ತಕ್ಕೊ ಮಗ. ಗೆದ್ದಲು ತಿನ್ನೋದ್ರ ಬದ್ಲು ನೀನುಟ್ಕೊ. ತಳದಲ್ಲಿರೋದೊಂದ ಮಾತ್ರ ಬುಟ್ಬುಡು.’

‘ಯಾಕತ್ತೆ?’

‘ಅದು ಬ್ಯಾಡ.’

ಅಷ್ಟೇ ಹೇಳಿ ಹುಲ್ಲು ತರಲು ಹೊರಟಳು. ಹದಿನಾಲ್ಕು ಸೀರೆ ನನ್ನ ಪಾಲಿಗೆ ಬಂದವು. ಪ್ರತಿಯೊಂದರ ಮೂಲೆಯಲ್ಲೂ ಹಳದಿಯ ಒಂದೊಂದು ಬೆರಳಚ್ಚು. ಸರದಿಯ ಮೇಲೆ ಎಲ್ಲವನ್ನೂ ಸೋಪಿಗೆ ಅದ್ದಿ ತಾರಸಿಯ ಮೇಲೆ ಒಣಗಹಾಕಿದೆ. ಆ ವಿಡಿಯೊ ಮಾಡಿದ್ದು ಅದೇ ವಾರ.

ಅವುಗಳಲ್ಲಿ ಒಂದು ಮಾತ್ರ ರೇಷ್ಮೆ, ನವಿಲು ನೀಲಿ. ಮದುವೆಯಾದ ವರ್ಷದ ಗೌರಿ ಹಬ್ಬಕ್ಕೆ ತವರಿನಿಂದ ಕೊಟ್ಟಿದ್ದು. ಅದನ್ನು ನಾನು ಇಟ್ಟುಕೊಳ್ಳಲಿಲ್ಲ. ಆ ಹೊತ್ತಿಗೆ ಅಣ್ಣನಿಗೆ ನಾಗಮಂಗಲದ ಹುಡುಗಿ ಗೊತ್ತಾಗಿತ್ತು. ಮದುವೆಯಲ್ಲಿ ಅತ್ತೆ ಈ ನೀಲಿ ಸೀರೆ ಉಡಬೇಕು ಎಂದು ಹಟ ಹಿಡಿದೆ. ಈಗ ಯಾರೂ ಬೇಡ ಅನ್ನುವುದಿಲ್ಲ, ಊರಿನಲ್ಲಿ ಗಂಡ ಸತ್ತವರೆಲ್ಲ ಬಣ್ಣದ ಸೀರೆ ಉಡುತ್ತಾರೆ, ನಿನ್ನನ್ನು ತಡೆದಿರುವುದು ನೀನೇ ಎಂದು ದಿನಾ ಭಾಷಣ ಬಿಗಿದೆ. ಮೂರು ವಾರ ಒಲ್ಲೆ ಎಂದು ತಲೆಯಾಡಿಸಿಯೇ ಕಳೆದ ಅತ್ತೆ ಒಂದು ಬೆಳಗ್ಗೆ ಹಾಲು ಕರೆಯುತ್ತಲೇ, ‘ರವಿಕೆ ಇಡಿಯಾಕಿಲ್ಲ, ಮೈ ಬಂದದೆ’ ಅಂದಳು. ಅದು ಒಪ್ಪಿಗೆ. ಅವಳ ಅಳತೆ ರವಿಕೆ ಹಿಡಿದು ನಾನು ಕೆ.ಆರ್. ಪೇಟೆ ಬಸ್ಸಿಗೆ ಓಡಿದೆ. ತೋಳಿಗೆ ಪಫ್ ಇಡಿಸಲಾ ಎಂದಾಗ, ವಯಸ್ಸಾದೋಳಿಗೆ ಯಾಕೆ ಅದೆಲ್ಲ ಎಂದು ರೇಗಿದವಳು ನಾನು ಬಾಗಿಲು ದಾಟುವಾಗ ಕೂಗಿ ಹೇಳಿದಳು: ‘ಒಸಿ ಇಡ್ಸು. ಸಣ್ಣಕೆ.’

ಮದುವೆಯ ದಿನ ಧಾರೆಯ ಹೊತ್ತಿಗೆ ಮುಂದೆ ನಿಂತು ಅಕ್ಕಿ ಹಾಕುತ್ತೇನೆ ಎಂದೂ ಹೇಳಿದ್ದಳು. ಮೂವತ್ತೈದು ವರ್ಷ ಮದುವೆಮನೆಗಳಲ್ಲಿ ಅಡಿಗೆಯವರ ಹಿಂದೆ ಉಳಿದ ಹೆಂಗಸು ಅವಳು. ಇದನ್ನು ಬದಲಾಯಿಸಿದವಳು ನಾನು ಎಂದು ನನಗೆ ಬೆನ್ನು ತಟ್ಟಿಕೊಳ್ಳುವಷ್ಟು ಹೆಮ್ಮೆ.

ಬೆನ್ನು ತಟ್ಟಿಕೊಂಡ ಕೈಯಲ್ಲೇ ಟ್ರಂಕು ತೆಗೆದೆ. ನಿಶ್ಚಿತಾರ್ಥಕ್ಕೆ ನಾಲ್ಕು ದಿನವಿತ್ತು, ಅತ್ತೆ ಡೈರಿಗೆ ಹೋಗಿದ್ದಳು. ತಳದಲ್ಲಿದ್ದದ್ದು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ಸೀರೆ. ಕೆನೆ ಬಣ್ಣದ ಒಡಲು, ಕಡ್ಡಿಯಷ್ಟು ಸಣ್ಣ ಬೂದು ಅಂಚು. ಒಂದು ಸಲವೂ ಉಟ್ಟಂತಿರಲಿಲ್ಲ. ಇಂಥದನ್ನು ಈಗ ಯಾವ ಅಂಗಡಿಯಲ್ಲೂ ಕೊಡುವುದಿಲ್ಲ. ಅಭ್ಯಾಸದಂತೆ ನಾಲ್ಕೂ ಮೂಲೆ ತಿರುವಿ ನೋಡಿದೆ. ಒಂದು ಚುಕ್ಕೆ ಅರಿಶಿನವಿಲ್ಲ. ತೊಳೆಯುವ ಕೆಲಸ ತಪ್ಪಿತು ಎಂದು ಖುಷಿಪಟ್ಟೆ. ಬುದ್ಧಿ ಇದ್ದವಳಾದರೆ ಅಲ್ಲೇ ನಿಲ್ಲುತ್ತಿದ್ದೆ.

ನಿಶ್ಚಿತಾರ್ಥ ನಾಗಮಂಗಲದ ಒಂದು ಛತ್ರದಲ್ಲಿ. ಮನೆಯವರೆಲ್ಲ ವ್ಯಾನಿನಲ್ಲಿ ಹೋದರು. ಅತ್ತೆ ದನಕ್ಕಾಗಿ ಉಳಿದಳು. ಮದುವೆಗೆ ಬರುತ್ತೇನಲ್ಲ, ಇದಕ್ಕೇನು ಅಂದಳು. ನನಗೆ ಬೆಳಗ್ಗೆ ಸ್ಕೂಲಿತ್ತು, ಅಲ್ಲಿಂದಲೇ ಹೋಗಿ ನಾಗಮಂಗಲದ ಪಾರ್ಲರಿನಲ್ಲಿ ಸೀರೆ ಉಟ್ಟು, ತಲೆಗೆ ಕನಕಾಂಬರ ಮುಡಿದು ಛತ್ರಕ್ಕೆ ಹೊಕ್ಕೆ. ಬಾಗಿಲಲ್ಲಿ ಅಪ್ಪ ನಿಂತಿದ್ದರು. ಮೇಲಿಂದ ಕೆಳಗೆ ನೋಡಿ, ‘ಚೆನ್ನಾಗದೆ ಕಣವ್ವ, ಯಾವಾಗ ತಕ್ಕಂಡೆ?’ ಅಂದರು.

ಒಳಗೆ ತಟ್ಟೆ ಬದಲಾಯಿಸುತ್ತಿದ್ದರು. ಹೆಂಗಸರ ಸಾಲಿನಲ್ಲಿ ಅಪ್ಪನ ಚಿಕ್ಕಮ್ಮ, ನಾವು ಚಿಕ್ಕಜ್ಜಿ ಎನ್ನುವವಳು, ನನ್ನನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡಳು. ಕಣ್ಣು ಮಂಜಾಗಿದೆ ಎಂದು ಮಾತ್ರೆಯನ್ನೂ ಇನ್ನೊಬ್ಬರ ಕೈಯಲ್ಲಿ ಓದಿಸುವ ಮುದುಕಿ ಅಂಚನ್ನು ಬೆರಳಲ್ಲಿ ಸವರಿ ಕೈಯನ್ನು ಅಲ್ಲೇ ನಿಲ್ಲಿಸಿದಳು.

‘ಯಾರ್ದವ್ವ ಇದು?’

‘ಅತ್ತೆದು ಅಜ್ಜಿ. ಹಳೇದು,’ ಅಂದೆ, ಬಹುಮಾನ ಬಂದವಳ ದನಿಯಲ್ಲಿ.

ಚಿಕ್ಕಜ್ಜಿ ಸೆರಗಿನ ತುದಿ ಎಳೆದುಕೊಂಡಳು. ಒಂದು ಮೂಲೆ ನೋಡಿದಳು, ಇನ್ನೊಂದು ಮೂಲೆ ನೋಡಿದಳು. ನೆರಿಗೆ ಬಿಡಿಸಿ ಕೆಳಗಿನ ತುದಿಯನ್ನೂ ತಡವಿದಳು.

‘ಅರಿಸ್ನ ಇಲ್ಲ,’ ಅಂದಳು. ಆಮೇಲೆ ಅಕ್ಕಪಕ್ಕದವರಿಗೆ ಕೇಳುವ ಹಾಗೆ: ‘ಇದು ಅವಳ ಗಂಡನ ತಿಥಿ ದಿನ ನಾವು ಮೈಮೇಲೆ ಆಕಿದ್ದು ಕಣ್ರವ್ವ. ನಾನೇ ಶ್ರೀರಂಗಪಟ್ಟಣಕ್ಕೋಗಿ ಆರಿಸ್ಕಂಡು ಬಂದಿದ್ದು. ಇವಳಪ್ಪನೇ ತಟ್ಟೆ ಇಡ್ಕಂಡು ಬಂದಿದ್ದ.’

ನಮ್ಮ ಕಡೆ ಗಂಡ ಸತ್ತವಳಿಗೆ ತವರಿನವರು ಸೀರೆ ತರಬೇಕು. ತಿಥಿಯ ದಿನ ಬಳೆ ಒಡೆದು, ಕುಂಕುಮ ತೆಗೆದ ಮೇಲೆ ಆ ಸೀರೆಯನ್ನು ಅವಳ ಮೈಮೇಲೆ ಹಾಕುತ್ತಾರೆ. ಆ ಒಂದು ಸೀರೆಗೆ ಮಾತ್ರ ಅರಿಶಿನ ಹಚ್ಚುವುದಿಲ್ಲ. ಇಪ್ಪತ್ತೆರಡರ ಹುಡುಗಿ ಅದನ್ನು ಕಿತ್ತು ಎಸೆದಳಂತೆ, ಇಬ್ಬರು ಹಿಡಿದುಕೊಂಡು ಮತ್ತೆ ಹೊದಿಸಿದರಂತೆ. ಅದಕ್ಕೇ ಚಿಕ್ಕಜ್ಜಿಗೆ ಆ ಅಂಚು ಮರೆತಿರಲಿಲ್ಲ. ತಟ್ಟೆ ಹಿಡಿದುಬಂದ ತಮ್ಮನಿಗೆ ಮರೆತಿತ್ತು. ಅವರು ಅದೇ ಸೀರೆಯನ್ನು ಮಗಳ ಮೈಮೇಲೆ ನೋಡಿ ಚೆನ್ನಾಗದೆ ಎಂದಿದ್ದರು.

‘ಅವಳೇ ಕೊಟ್ಳಾ ನಿಂಗೆ?’ ಚಿಕ್ಕಜ್ಜಿ ಕೇಳಿದಳು.

ಇಲ್ಲ, ನಾನು ಕದ್ದು ತಂದೆ ಎನ್ನಬೇಕಿತ್ತು. ನಾಲ್ಕು ಪದ. ಹುಡುಗಿಯ ಕಡೆಯವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಣ್ಣ ಹಸೆಯ ಮೇಲೆ ಕೂತು ಕತ್ತು ಹೊರಳಿಸಿದ್ದ. ನನ್ನ ಬಾಯಿ ತೆರೆಯಿತು, ಮಾತು ಬರಲಿಲ್ಲ. ಬರಲಿಲ್ಲ ಎಂದು ಬರೆಯುವುದೂ ಜಾರಿಕೊಳ್ಳುವ ಒಂದು ದಾರಿಯೇ, ನಾನು ಬರಗೊಡಲಿಲ್ಲ.

‘ಕೊಟ್ಟವ್ಳೆ,’ ಎಂದು ಮುದುಕಿಯೇ ಉತ್ತರ ಹೇಳಿಕೊಂಡಳು. ‘ಬೇಕು ಅಂತ್ಲೇ ಉಡ್ಸಿ ಕಳ್ಸವ್ಳೆ. ತನಗಿಲ್ಲದ್ದು ಇನ್ನೊಬ್ರಿಗ್ಯಾಕೆ ಅಂತ.’

ಯಾರೋ ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದು ಹುಡುಗಿಯ ತಂಗಿಯ ಸೀರೆ ಉಡಿಸಿದರು. ಅದಕ್ಕೆ ಆತುರಾತುರವಾಗಿ ಅರಿಶಿನ ಕುಂಕುಮ ಇಟ್ಟರು. ಕೆನೆ ಬಣ್ಣದ ಸೀರೆಯನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ ನನ್ನ ಕೈಗೆ ಕೊಡುವಾಗ ಆ ಹೆಂಗಸು ಎರಡು ಬೆರಳಲ್ಲಿ ಹಿಡಿದಿದ್ದಳು. ನಾನು ಊಟಕ್ಕೂ ಕೂತೆ. ಹೋಳಿಗೆಯನ್ನೂ ತಿಂದೆ.

ಮನೆಗೆ ಬಂದಾಗ ಸಂಜೆ, ಹಾಲು ಕರೆಯುವ ಹೊತ್ತು. ಅತ್ತೆ ಚೊಂಬಿನಲ್ಲಿ ನೀರು ತಂದು, ಹುಡುಗಿ ಎಂಗವ್ಳೆ ಎಂದು ನಗುತ್ತಾ ಕೇಳಿದಳು. ಅಪ್ಪ ಕವರನ್ನು ಜಗಲಿಯ ಮೇಲೆ ಇಟ್ಟರು. ಅತ್ತೆಗೆ ಒಳಗೆ ಏನಿದೆ ಎಂದು ಕಂಡಿತು.

‘ಇದ ನೀನು ಕೊಟ್ಟಾ ಅಕ್ಕ?’ ಅಪ್ಪ ಕೇಳಿದರು.

ಅತ್ತೆ ನನ್ನ ಕಡೆ ನೋಡಿದಳು. ಬಹಳ ಹೊತ್ತು ನೋಡಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನಾನು ಹೆಗಲ ಮೇಲಿನ ಪಿನ್ನು ಬಿಚ್ಚುತ್ತಾ ನಿಂತಿದ್ದೆ. ಇಲ್ಲ ಅಂದುಬಿಡಲಿ ಎಂದು ಒಂದು ಮನಸ್ಸು, ಅನ್ನದಿರಲಿ ಎಂದು ಇನ್ನೊಂದು.

‘ಊಂ. ನಾನೇ ಕೊಟ್ಟೆ,’ ಅಂದಳು.

ನನ್ನನ್ನು ಕಾಪಾಡಲು ಹಾಗಂದಳು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಅವಳ ದನಿಯಲ್ಲಿ ನನ್ನ ಮೇಲೆ ಪ್ರೀತಿ ಇರಲಿಲ್ಲ. ಇಲ್ಲ ಅಂದಿದ್ದರೆ ಯಾರೂ ನಂಬುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು, ನಂಬಿಸುವ ತೊಂದರೆ ತೆಗೆದುಕೊಳ್ಳಲಿಲ್ಲ. ಅಣ್ಣ ಬಚ್ಚಲ ಬಳಿ ಕೈ ತೊಳೆಯುತ್ತಾ, ‘ಅತ್ತೆ ಇಂಗ್ಯಾಕ್ ಮಾಡ್ತು’ ಎಂದು ಅಮ್ಮನನ್ನು ಕೇಳಿದ. ಅದು ಅತ್ತೆಗೂ ಕೇಳಿಸಿತು. ಕೊಟ್ಟಿಗೆಗೆ ಹೋಗಿ ಹಾಲು ಕರೆಯಲು ಕೂತಳು.

ಚಿಕ್ಕಜ್ಜಿಯ ಅಪ್ಪಣೆಯಂತೆ ಮಾರನೇ ದಿನ ಅಪ್ಪ ಆ ಸೀರೆಯನ್ನು ನಾಲೆಗೆ ಬಿಟ್ಟು ಬಂದರು. ನಾನು ಅತ್ತೆಯ ಬಳಿ ಹೋಗಿ, ತಪ್ಪಾಯ್ತು ಅಂದೆ. ಅವಳು ಹಿಂಡಿ ಕಲಸುತ್ತಿದ್ದಳು.

‘ಇನ್ನೊಂದ್ಸಲಕ್ಕೆ ಬೇಕಾಗಿತ್ತು ಅದು,’ ಅಂದಳು. ‘ಎಂಗ್ಸು ಸತ್ರೂ ತವರಿನೋರೇ ಸೀರೆ ತರ್ಬೇಕಲ್ಲ. ಯಾಕೆ ಅವ್ರಿಗೆ ಇನ್ನೊಂದ್ಕಿತ ತೊಂದ್ರೆ, ಇದ್ನೇ ಒದ್ಸಿ ಕಳಿಸ್ಲಿ ಅಂತ ಮಡಗಿದ್ದೆ. ಈಗ ತರ್ಲಿ ಬುಡು.’

‘ಅಪ್ಪನಿಗೆ ಹೇಳ್ತೀನತ್ತೆ, ನಾನೇ ತಕ್ಕಂಡಿದ್ದು ಅಂತ.’

‘ಹೇಳು,’ ಅಂದಳು.

ಹೇಳಲಿಲ್ಲ. ನಾಳೆ, ನಾಡಿದ್ದು, ಪತ್ರಿಕೆ ಅಚ್ಚಾದ ಮೇಲೆ ಎಂದು ಮುಂದಕ್ಕೆ ಹಾಕಿದೆ. ಅಷ್ಟರಲ್ಲಿ ಹುಡುಗಿಯ ತಾಯಿ ಫೋನು ಮಾಡಿ, ಆಯಮ್ಮ ಧಾರೆ ಟೈಮಲ್ಲಿ ಒಸಿ ಅತ್ಲಾಗಿರಲಿ ಎಂದು ನಯವಾಗಿ ಹೇಳಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ನಮ್ಮ ಅಪ್ಪನದು. ಆವತ್ತು ದನಕ್ಕೆ ಯಾರೂ ಇರಲ್ಲವಲ್ಲ ಅಕ್ಕ, ಎಂದು ಮೇವಿನ ಮಾತು ತೆಗೆದರು. ನಾನ್ ಇರ್ತೀನಿ ಬುಡು ಎಂದು ಅವಳೇ ಅಂದಳು. ಬಾಡಿಗೆಗೆ ಒಬ್ಬ ಆಳು ಸಿಗುತ್ತಿರಲಿಲ್ಲವೇ ಎಂದು ಅಣ್ಣ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮದುವೆಯ ದಿನ ಬೆಳಗ್ಗೆ ಅವಳ ಕೋಣೆಗೆ ಹೋದೆ. ಇಸ್ತ್ರಿ ಮಾಡಿದ ನೀಲಿ ಸೀರೆ, ಸಣ್ಣ ಪಫ್ ತೋಳಿನ ಹೊಸ ರವಿಕೆ ನನ್ನ ಕೈಯಲ್ಲಿದ್ದವು. ಮನೆಯಲ್ಲಾದರೂ ಉಟ್ಟುಕೋ ಎಂದು ಹೇಳಲು ಹೋಗಿದ್ದೆನೋ ಏನೋ, ಈಗ ನೆನಪಿಲ್ಲ. ಅತ್ತೆ ಸೀರೆ ತೆಗೆದುಕೊಂಡು ಮಂಚದ ಮೇಲೆ ಬಿಡಿಸಿದಳು.

‘ನೀನೇ ಉಟ್ಕೊ. ರವಿಕೆ ಸಡ್ಲ ಆಯ್ತದೆ, ಒಳಕ್ಕೆ ಪಿನ್ನಾಕೊ.’

ಹೇಳುತ್ತಲೇ ಒಂದು ಮೂಲೆ ಹುಡುಕಿ ತೆಗೆದಳು. ಅದನ್ನು ಬಿಟ್ಟು ಇನ್ನೊಂದು ಮೂಲೆ ನೋಡಿದಳು. ಕಿಟಕಿಯ ಬೆಳಕಿಗೆ ತಂದು ನಾಲ್ಕನ್ನೂ ನೋಡಿದಳು, ಚಿಕ್ಕಜ್ಜಿ ನೋಡಿದ ಹಾಗೆಯೇ.

‘ಅವ್ವನ ಬೆರಳಿತ್ತು ಇಲ್ಲಿ,’ ಅಂದಳು.

ಅವಳ ಅವ್ವ, ನಮ್ಮ ಅಜ್ಜಿ, ನಾನು ಹುಟ್ಟುವ ಮೊದಲೇ ತೀರಿಹೋಗಿದ್ದಳು. ಮನೆಯಲ್ಲಿ ಅವಳದೊಂದು ಫೋಟೊ ಕೂಡ ಇಲ್ಲ.

‘ತೊಳೆದೆ ಅತ್ತೆ. ಕಲೆ ಅಂತ.’

‘ಎಲ್ಲಾ ಸೀರೇದೂವಾ?’

‘ಊಂ.’

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಹೊತ್ತಾಯ್ತು ಉಟ್ಕೊ ಎಂದು ತಾನೇ ನೆರಿಗೆ ಹಿಡಿದು ಕೊಟ್ಟು, ನನ್ನ ಕಾಲ ಬಳಿ ಕೂತು ಅಂಚು ಸರಿಮಾಡಿದಳು. ನಾನು ಉಟ್ಟೆ, ಮದುವೆಗೆ ಹೋದೆ, ಧಾರೆಯ ಹೊತ್ತಿಗೆ ಮುಂದೆ ನಿಂತು ಅಕ್ಕಿ ಹಾಕಿದೆ. ಎಲ್ಲರೂ ಸೀರೆಯನ್ನು ಹೊಗಳಿದರು. ಇಂಥ ಬಣ್ಣ ಈಗ ಬರೋದೇ ಇಲ್ಲ ಅಂದರು.

ಒಂದು ವರ್ಷದ ಮೇಲೆ, ಅತ್ತಿಗೆಗೆ ಗಂಡುಮಗು ಹುಟ್ಟಿ ಮನೆಯೆಲ್ಲ ಸಂತೋಷದಲ್ಲಿದ್ದಾಗ, ಅಪ್ಪನಿಗೆ ನಿಜ ಹೇಳಿದೆ. ಅಪ್ಪ, ‘ಈಗ್ಯಾಕವ್ವ ಅದು, ಆಗೋಯ್ತಲ್ಲ ಬುಡು’ ಅಂದರು. ಆ ನಿಜ ಯಾರಿಗೂ ಬೇಕಿರಲಿಲ್ಲ. ಬೇಕಾಗಿದ್ದ ದಿನ ನಾನು ಅದನ್ನು ಹೋಳಿಗೆ ಜೊತೆ ನುಂಗಿದ್ದೆ.

ಅತ್ತೆ ಈಗಲೂ ಇದ್ದಾಳೆ, ಹಾಲು ಕರೆಯುತ್ತಾಳೆ, ಊಟ ಮಾಡಿದ್ಯಾ ಎಂದು ನನ್ನನ್ನು ಕೇಳುತ್ತಾಳೆ. ಟ್ರಂಕಿನಲ್ಲಿ ಏನೂ ಇಲ್ಲವಾದ್ದರಿಂದ ಅದರಲ್ಲಿ ಹಿಂಡಿ ತುಂಬಿಟ್ಟಿದ್ದಾಳೆ. ಹದಿನಾಲ್ಕು ಸೀರೆಗಳು ನನ್ನ ಬೀರುವಿನಲ್ಲಿವೆ. ಒಮ್ಮೆ ಅರಿಶಿನ ಕಲಸಿಕೊಂಡು ಬೀರುವಿನ ಮುಂದೆ ಕೂತದ್ದೂ ಉಂಟು. ನನ್ನ ಬೆರಳನ್ನು ಒತ್ತಿ ಯಾರನ್ನು ನಂಬಿಸಲಿ ಎಂದು ಎದ್ದು ಕೈ ತೊಳೆದುಕೊಂಡೆ. ತವರಿನವರು ಅವಳಿಗೆ ಅರಿಶಿನವಿಲ್ಲದ ಸೀರೆ ಕೊಟ್ಟದ್ದು ಒಂದು. ಮಿಕ್ಕ ಹದಿನಾಲ್ಕನ್ನೂ ಹಾಗೆ ಮಾಡಿದವಳು ನಾನು.